ಬ್ಲಾಕ್‌ಚೈನ್‌ನಲ್ಲಿ ಹೆಸರು ಬರೆಸಿದರೆ ಅದು ನಿಜಕ್ಕೂ ನಮ್ಮದೇ?

ಮದ್ದೂರಿನ ಹತ್ತಿರ ಆಲೆಮನೆ ನಡೆಸುವ ಪರಿಚಯದವರೊಬ್ಬರಿದ್ದಾರೆ. ಸಾವಯವ ಬೆಲ್ಲ ಮಾಡಿ ಮೈಸೂರು, ಬೆಂಗಳೂರಿನ ಮನೆಗಳಿಗೆ ಕೊರಿಯರ್‌ನಲ್ಲಿ ಕಳಿಸುತ್ತಾರೆ. ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೈನ್ ಹೆಸರನ್ನು ತನ್ನ ಈಮೇಲ್‌ನಲ್ಲೇ ನೋಂದಾಯಿಸಿದ್ದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ವರ್ಷ ತುಂಬಿತು, ನವೀಕರಣದ ನೆನಪೋಲೆ ಅವನ ಈಮೇಲ್‌ಗೆ ಹೋಯಿತು, ಹೆಸರು ಕೈತಪ್ಪಿತು. ಈಗ ಆ ವಿಳಾಸ ತೆರೆದರೆ ಯಾವುದೋ ರಮ್ಮಿ ಆಟದ ಜಾಹೀರಾತು ಬರುತ್ತದೆ. ಬೆಲ್ಲದ ಡಬ್ಬಗಳ ಮೇಲೆ ಮಾತ್ರ ಇನ್ನೂ ಅದೇ ಹೆಸರು ಅಚ್ಚಾಗಿದೆ.

ಇಷ್ಟಾದ ಮೇಲೆ ಅವರಿಗೆ ಯಾರೋ ಹೇಳಿದರಂತೆ: "ಈಗ ಬ್ಲಾಕ್‌ಚೈನ್ ಮೇಲೆ ಹೆಸರು ಸಿಗುತ್ತೆ. ಒಂದ್ಸಲ ತಗೊಂಡ್ರೆ ಯಾರೂ ಕಿತ್ಕೊಳ್ಳೋಕೆ ಆಗಲ್ಲ." ಈ ಮಾತಿನಲ್ಲಿ ನಿಜ ಎಷ್ಟಿದೆ ಎಂದು ಅವರು ಕೇಳಿದರು. ಸಾಕಷ್ಟಿದೆ. ಆದರೆ ಯಾವ ಅರ್ಥದಲ್ಲಿ ನಿಜ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಕಂಪ್ಯೂಟರ್‌ಗಳಿಗೆ ಹೆಸರು ಬೇಕಿಲ್ಲ, ಅಂಕಿ ಸಾಕು. ಹೆಸರು ಬೇಕಿರುವುದು ನಮಗೆ. ಇಂಟರ್ನೆಟ್ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಯಾವ ಹೆಸರಿಗೆ ಯಾವ ಅಂಕಿ ಎಂಬ ಪಟ್ಟಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಒಂದೇ ಫೈಲಿನಲ್ಲಿ ಬರೆದಿಡುತ್ತಿತ್ತು. ಬೇಕಾದವರು ಅದನ್ನು ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಾದಂತೆ ಆ ಫೈಲು ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಇವತ್ತಿಗೂ ನಾವು ಬ್ರೌಸರ್‌ನಲ್ಲಿ ಒಂದು ವಿಳಾಸ ಟೈಪ್ ಮಾಡಿದರೆ ಹಿಂದೆ ಓಡಾಡುವುದು ಅದೇ. ಹೆಸರನ್ನು ಅದು ಬಲದಿಂದ ಎಡಕ್ಕೆ ಓದುತ್ತದೆ. 'ಡಾಟ್ ಇನ್' ಎಂದು ಕೊನೆಗೊಂಡರೆ ಮೊದಲು 'ಇನ್' ಯಾರ ಕೈಲಿದೆ ಎಂದು ಕೇಳುತ್ತದೆ. ಅವರು ಅದರ ಎಡಗಡೆಯ ಹೆಸರು ಯಾರದೆಂದು ಹೇಳುತ್ತಾರೆ. ಹೀಗೆ ಇಳಿಯುತ್ತಾ ಹೋಗಿ ಕೊನೆಗೆ ಅಂಕಿ ಸಿಗುತ್ತದೆ.

ಎಲ್ಲಕ್ಕಿಂತ ಮೇಲಿನ ಪಟ್ಟಿಯ ಉಸ್ತುವಾರಿ 1998ರಲ್ಲಿ ಹುಟ್ಟಿದ ಐಕ್ಯಾನ್ ಎಂಬ ಸಂಸ್ಥೆಯದು. ಅದು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ನಮ್ಮ 'ಡಾಟ್ ಇನ್' ಮತ್ತು ಕನ್ನಡದ 'ಡಾಟ್ ಭಾರತ' ಎರಡನ್ನೂ ನೋಡಿಕೊಳ್ಳುವುದು ನಿಕ್ಸಿ ಎಂಬ ಭಾರತದ ಸಂಸ್ಥೆ. ಹೌದು, 'ಭಾರತ' ಎಂದು ಕನ್ನಡ ಲಿಪಿಯಲ್ಲೇ ಕೊನೆಗೊಳ್ಳುವ ವೆಬ್ ವಿಳಾಸಗಳಿವೆ. ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ. ಇವರೆಲ್ಲರ ಕೆಳಗೆ ನಮಗೆ ಹೆಸರು ಮಾರುವ ಕಂಪನಿಗಳಿವೆ.

ದಿನಾ ಬಳಸುವ ಇನ್ನೊಂದು ಹೆಸರಿನ ವ್ಯವಸ್ಥೆಯೂ ನಮ್ಮ ಕೈಯಲ್ಲೇ ಇದೆ: ಯುಪಿಐ ಐಡಿ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೊಂಡು ಹೂವಿನವರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೀರಿ. ಅದರೊಳಗೆ ಒಂದು ಪುಟ್ಟ ಹೆಸರಿದೆ. ಅದರ ಹಿಂದೆ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್. ಆ ಹೆಸರಿನಿಂದ ಖಾತೆಗೆ ದಾರಿ ತೋರಿಸುವವರು ಬ್ಯಾಂಕು ಮತ್ತು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ. ಬ್ಯಾಂಕಿನವರು ಖಾತೆ ತಡೆಹಿಡಿದರೆ ಹೆಸರು ಇದ್ದೂ ಪ್ರಯೋಜನವಿಲ್ಲ. ತಪ್ಪಿ ಬೇರೆಯವರಿಗೆ ದುಡ್ಡು ಹೋದರೆ ದೂರು ಕೊಡಲು ಒಂದು ಬಾಗಿಲಿದೆ. ಇವೆರಡೂ ಒಂದೇ ಕಾರಣದಿಂದ ಆಗುವಂಥವು: ಮಧ್ಯೆ ಒಬ್ಬರು ಕೂತಿದ್ದಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಬ್ಲಾಕ್‌ಚೈನ್‌ಗೆ ಬರೋಣ. ಮಂಡ್ಯದ ಕಡೆಯವರಿಗೆ ಪಹಣಿಯಿಂದ ಹೇಳಿದರೆ ಬೇಗ ತಿಳಿಯುತ್ತದೆ. ಜಮೀನು ಯಾರದು ಎಂಬುದಕ್ಕೆ ತಾಲ್ಲೂಕು ಕಚೇರಿಯ ದಾಖಲೆಯೇ ಮಾತು. ಈಗ ತಹಶೀಲ್ದಾರ್, ಕಚೇರಿ ಎರಡೂ ಇಲ್ಲ ಎಂದುಕೊಳ್ಳಿ. ಬದಲಿಗೆ ಊರಿನ ಪ್ರತಿ ಮನೆಯಲ್ಲೂ ಆ ದಾಖಲೆಯ ಪೂರ್ತಿ ಪ್ರತಿ ಇದೆ. ಯಾರಾದರೂ ಖಾತೆ ಬದಲಿಸಬೇಕಾದರೆ ಹಳೆಯ ಒಡೆಯನ ಸಹಿ ಬೇಕು, ಎಲ್ಲರೂ ಆ ಸಹಿಯನ್ನು ತಾಳೆ ನೋಡುತ್ತಾರೆ, ಸರಿಯಿದ್ದರೆ ಎಲ್ಲರ ಪುಸ್ತಕದಲ್ಲೂ ಒಟ್ಟಿಗೆ ಬದಲಾಗುತ್ತದೆ. ಒಬ್ಬ ತನ್ನ ಮನೆಯ ಪುಸ್ತಕವನ್ನು ತಿದ್ದಿಕೊಂಡರೆ ಉಳಿದವರ ಪುಸ್ತಕಕ್ಕೆ ತಾಳೆಯಾಗುವುದಿಲ್ಲ, ಅದನ್ನು ಯಾರೂ ಒಪ್ಪುವುದಿಲ್ಲ. ಬ್ಲಾಕ್‌ಚೈನ್ ಮೇಲಿನ ಹೆಸರಿನ ಸೇವೆ ಎಂದರೆ ಇಂಥ ಪುಸ್ತಕ. ಅದರಲ್ಲಿ ಸರ್ವೆ ನಂಬರ್ ಜಾಗದಲ್ಲಿ ಹೆಸರುಗಳಿರುತ್ತವೆ. ಹಿಸ್ಸಾ ಕೂಡ ಇದೆ: 'ಬೆಲ್ಲದಮನೆ' ಎಂಬ ಹೆಸರು ನಿಮ್ಮದಾದರೆ ಅದರೊಳಗೆ 'ಮದ್ದೂರು ಡಾಟ್ ಬೆಲ್ಲದಮನೆ', 'ಪಾಂಡವಪುರ ಡಾಟ್ ಬೆಲ್ಲದಮನೆ' ಎಂದು ಪೋಡಿ ಮಾಡಿ ಮಕ್ಕಳಿಗೋ ಪಾಲುದಾರರಿಗೋ ಕೊಡಬಹುದು.

ಇದು ಆಗುವ ಮಾತೇ ಅಲ್ಲ ಎಂದು ತುಂಬಾ ದಿನ ನಂಬಿದ್ದರು. 2001ರಲ್ಲಿ ಜೂಕೋ ವಿಲ್ಕಾಕ್ಸ್ ಎಂಬ ತಂತ್ರಜ್ಞರು ಒಂದು ತ್ರಿಕೋನದ ಮಾತು ಹೇಳಿದರು. ಹೆಸರಿಗೆ ಮೂರು ಗುಣ ಬೇಕು: ಮನುಷ್ಯರು ನೆನಪಿಡುವಂತಿರಬೇಕು, ಮೋಸಕ್ಕೆ ಸಿಗಬಾರದು, ಯಾರ ಅಧೀನದಲ್ಲೂ ಇರಬಾರದು. ಮೂರರಲ್ಲಿ ಎರಡು ಸಿಗಬಹುದು, ಮೂರನೆಯದು ಕೈಬಿಡಬೇಕಾಗುತ್ತದೆ ಎಂದು ಅವರ ಲೆಕ್ಕ. ಡಿಎನ್‌ಎಸ್ ಹೆಸರು ನೆನಪಿರುತ್ತದೆ, ಆದರೆ ಒಬ್ಬರ ಅಧೀನ. ಬಿಟ್‌ಕಾಯಿನ್ ವಿಳಾಸ, ಅಂದರೆ ಆ ಡಿಜಿಟಲ್ ಹಣ ಕಳಿಸಲು ಬೇಕಾದ ಉದ್ದನೆಯ ಅಕ್ಷರ-ಅಂಕಿಗಳ ಸರ, ಯಾರ ಅಧೀನವೂ ಅಲ್ಲ, ಆದರೆ ನೆನಪಿಡಲು ಯಾರಿಂದ ಆಗುತ್ತದೆ? ಬಿಟ್‌ಕಾಯಿನ್ ಬಂದ ಮೇಲೆ, 2011ರ ಜನವರಿಯಲ್ಲಿ, ಅಮೆರಿಕದ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ಈ ತ್ರಿಕೋನವನ್ನು ಮುರಿಯುವ ದಾರಿಯೊಂದನ್ನು ಬರೆದು ತೋರಿಸಿದರು: ಹೆಸರುಗಳ ಪಟ್ಟಿಯನ್ನೇ ಬ್ಲಾಕ್‌ಚೈನ್‌ನಂಥ ಸರಪಳಿಯಲ್ಲಿ ಇಟ್ಟರಾಯಿತಲ್ಲ! ಅದೇ ವರ್ಷ ಏಪ್ರಿಲ್‌ನಲ್ಲಿ ನೇಮ್‌ಕಾಯಿನ್ ಶುರುವಾಯಿತು. ಬಿಟ್‌ಕಾಯಿನ್‌ನ ಕೋಡನ್ನೇ ತೆಗೆದುಕೊಂಡು 'ಡಾಟ್ ಬಿಟ್' ಎಂದು ಕೊನೆಗೊಳ್ಳುವ ಹೆಸರುಗಳನ್ನು ಕೊಡತೊಡಗಿತು.

ತಂತ್ರ ಗೆದ್ದಿತು. ಜನ ಮಾತ್ರ ಬೇರೆಯೇ ಮಾಡಿದರು. 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನೇಮ್‌ಕಾಯಿನ್ ಪಟ್ಟಿಯನ್ನು ಜಾಲಾಡಿ ನೋಡಿದರು. ಸುಮಾರು 1,20,000 ಹೆಸರುಗಳು ನೋಂದಣಿಯಾಗಿದ್ದವು. ಅವುಗಳಲ್ಲಿ ಹಿಡಿದಿಟ್ಟುಕೊಂಡು ಮಾರಲು ಕಾಯದೆ, ನಿಜವಾಗಿ ಏನಾದರೂ ಬಳಕೆಯಲ್ಲಿದ್ದ ಹೆಸರುಗಳು 28. ಇಪ್ಪತ್ತೆಂಟು ಸಾವಿರ ಅಲ್ಲ, ಬರೀ ಇಪ್ಪತ್ತೆಂಟು. ಹೆಸರು ತೀರಾ ಅಗ್ಗವಾಗಿತ್ತು, ಇಟ್ಟುಕೊಳ್ಳಲು ಖರ್ಚಿರಲಿಲ್ಲ. ಬೇಲಿ ಹಾಕಿ ಬಿಟ್ಟವರೇ ಜಾಸ್ತಿ, ಉತ್ತವರು ಇಲ್ಲ.

ಈ ಪಾಠ ಕಲಿತ ಮೇಲೆ ಬಂದದ್ದು, ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್ ಮೇಲೆ ನಡೆಯುವ ಇಥೀರಿಯಂ ನೇಮ್ ಸರ್ವಿಸ್, ಚುಟುಕಾಗಿ ಇಎನ್‌ಎಸ್. 2017ರ ಮೇ 4ರಂದು ಶುರುವಾಯಿತು. ನಿಕ್ ಜಾನ್ಸನ್ ಮತ್ತು ಅಲೆಕ್ಸ್ ವಾನ್ ಡಿ ಸಾಂಡೆ ಇದರ ಮೊದಲಿಗರು. ಇದರ ಹೆಸರುಗಳು 'ಡಾಟ್ ಈಥ್' ಎಂದು ಕೊನೆಗೊಳ್ಳುತ್ತವೆ. ಇವತ್ತು ಈ ವಿಷಯ ಬಂದಾಗ ಹೆಚ್ಚು ಕೇಳಿಬರುವ ಹೆಸರು ಇದೇ. ಹಾಗಾಗಿ ಒಳಗೆ ಏನು ನಡೆಯುತ್ತದೆ ಎಂದು ಇದನ್ನೇ ಬಿಚ್ಚಿ ನೋಡೋಣ.

ಒಳಗೆ ಏನಿದೆ

ಇಥೀರಿಯಂ ವಿಳಾಸ ಎಂದರೆ 42 ಅಕ್ಷರ-ಅಂಕಿಗಳ ಸರ. ತಪ್ಪು ವಿಳಾಸಕ್ಕೆ ಕಳಿಸಿದರೆ ದುಡ್ಡು ಹೋಯಿತು, ವಾಪಸ್ ಇಲ್ಲ. ಇಎನ್‌ಎಸ್‌ನ ಮೂಲ ಕೆಲಸ ಆ ಸರದ ಬದಲು ಓದಬಲ್ಲ ಹೆಸರು ಕೊಡುವುದು. ಅದಕ್ಕೆ ಮೂರು ಭಾಗಗಳಿವೆ. ಮೂರೂ ಸ್ಮಾರ್ಟ್ ಕಾಂಟ್ರಾಕ್ಟ್‌ಗಳು, ಅಂದರೆ ಬ್ಲಾಕ್‌ಚೈನ್ ಮೇಲೆ ತಾವೇ ಓಡುವ ಪ್ರೋಗ್ರಾಂಗಳು. ರಿಜಿಸ್ಟ್ರಾರ್ ಹೆಸರು ಕೊಡುತ್ತದೆ, ಬಾಡಿಗೆ ವಸೂಲು ಮಾಡುತ್ತದೆ. ರಿಜಿಸ್ಟ್ರಿ ಎರಡೇ ಮುಖ್ಯ ಸಂಗತಿ ಬರೆದಿಡುತ್ತದೆ: ಈ ಹೆಸರಿನ ಒಡೆಯರು ಯಾರು, ಇದರ ವಿವರ ಯಾರನ್ನು ಕೇಳಬೇಕು. ವಿವರ ಹೇಳುವುದು ರಿಸಾಲ್ವರ್. ಹಣದ ವಿಳಾಸ, ವೆಬ್‌ಸೈಟ್, ಚಿತ್ರ, ಈಮೇಲ್, ಏನು ಬೇಕಾದರೂ ಅಲ್ಲಿ ಬರೆದಿಡಬಹುದು. ಬಿಟ್‌ಕಾಯಿನ್‌ನಂಥ ಬೇರೆ ಸರಪಳಿಗಳ ವಿಳಾಸವನ್ನೂ ಸೇರಿಸಬಹುದು.

ಒಂದು ತಮಾಷೆ ಇದೆ. ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಹೆಸರನ್ನು ಒಂದು ಗಣಿತದ ಗಿರಣಿಗೆ ಹಾಕಿ ಹ್ಯಾಶ್ ಎಂಬ ಉದ್ದನೆಯ ಅಂಕಿ ತೆಗೆಯುತ್ತಾರೆ, ಅದನ್ನು ಮಾತ್ರ ಬರೆದಿಡುತ್ತಾರೆ. ಹೆಸರು ಎಷ್ಟು ಉದ್ದವಿದ್ದರೂ ಹ್ಯಾಶ್ ಒಂದೇ ಅಳತೆಯದು. ಒಂದಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಲೆಕ್ಕ ಬಲದಿಂದ ಶುರು: ಮೊದಲು 'ಈಥ್', ಅದರ ಫಲಿತಾಂಶಕ್ಕೆ 'ಬೆಲ್ಲದಮನೆ' ಬೆರೆಸಿ ಮತ್ತೆ ಹ್ಯಾಶ್, ಅದಕ್ಕೆ 'ಮದ್ದೂರು' ಬೆರೆಸಿ ಮತ್ತೊಮ್ಮೆ. ಹೀಗಾಗಿ ಹಿಸ್ಸಾ ತನ್ನ ಮೂಲ ಹೆಸರಿಗೆ ಗಣಿತದಲ್ಲೇ ಕಟ್ಟಿಬಿದ್ದಿರುತ್ತದೆ.

ಹೆಸರು ಕೊಳ್ಳುವುದನ್ನು ಹತ್ತಿರದಿಂದ ನೋಡಿದರೆ ಈ ವ್ಯವಸ್ಥೆಯ ಗುಣ ಗೊತ್ತಾಗುತ್ತದೆ. ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ಹೊರದೇಶದ ಕಂಪನಿಗಳಿಗೆ ಡಿಸೈನ್ ಮಾಡಿಕೊಡುವ ಗೆಳೆಯನೊಬ್ಬ ಹೆಸರು ತೆಗೆದುಕೊಂಡಾಗ ಪಕ್ಕದಲ್ಲೇ ಕೂತಿದ್ದೆ. ಹೆಸರು ಹುಡುಕಿದ, ಖಾಲಿ ಇತ್ತು. ಕೊಂಡುಕೊಳ್ಳಲು ಒತ್ತಿದ. ವಾಲೆಟ್‌ನಲ್ಲಿ, ಅಂದರೆ ಕ್ರಿಪ್ಟೋ ಹಣದ ಕೀಲಿ ಇಟ್ಟುಕೊಳ್ಳುವ ಆ್ಯಪ್‌ನಲ್ಲಿ, ಒಂದು ಸಹಿ ಕೇಳಿತು, ಸಣ್ಣ ಶುಲ್ಕ ಹೋಯಿತು. ಆದರೆ ಹೆಸರು ಬರಲಿಲ್ಲ. ಪರದೆಯ ಮೇಲೆ ಅರವತ್ತು ಸೆಕೆಂಡಿನ ಗಡಿಯಾರ ಸುತ್ತತೊಡಗಿತು. "ಇದೇನೋ ಇದು, ದುಡ್ಡು ಹೋಯ್ತು, ಹೆಸರೆಲ್ಲಿ?" ಅಂದ. ನಿಮಿಷ ಮುಗಿದ ಮೇಲೆ ಎರಡನೇ ಸಹಿ ಕೇಳಿತು. ಬಾಡಿಗೆ ಕಟ್ಟಿದ್ದು ಆಗ, ಹೆಸರು ಬಂದದ್ದೂ ಆಗಲೇ.

ಯಾಕೆ ಈ ಕಾಯುವಿಕೆ? ಬ್ಲಾಕ್‌ಚೈನ್‌ಗೆ ಕಳಿಸಿದ ಕೋರಿಕೆ ಅಲ್ಲಿ ದಾಖಲಾಗುವ ಮೊದಲು ಸ್ವಲ್ಪ ಹೊತ್ತು ಎಲ್ಲರ ಕಣ್ಣಿಗೆ ಬೀಳುವಂತೆ ಸರದಿಯಲ್ಲಿ ನಿಂತಿರುತ್ತದೆ. ನೀವು 'ಇಂಥ ಹೆಸರು ಬೇಕು' ಎಂದು ನೇರವಾಗಿ ಕೇಳಿದರೆ, ಸರದಿ ನೋಡುತ್ತಾ ಕೂತ ಯಾವುದೋ ಪ್ರೋಗ್ರಾಂ ಹೆಚ್ಚಿನ ಶುಲ್ಕ ಕೊಟ್ಟು ನಿಮಗಿಂತ ಮುಂಚೆ ನುಗ್ಗಿ ಅದನ್ನು ಹೊಡೆದುಕೊಳ್ಳಬಹುದು. ಅದಕ್ಕೇ ಮೊದಲ ಸಲ ಹೆಸರನ್ನು ಒಂದು ಗುಟ್ಟಿನ ಸಂಖ್ಯೆಯ ಜೊತೆ ಬೆರೆಸಿ, ಹ್ಯಾಶ್ ಮಾತ್ರ ಕಳಿಸುತ್ತಾರೆ. ಯಾವ ಹೆಸರು ಎಂದು ಯಾರಿಗೂ ತಿಳಿಯುವುದಿಲ್ಲ. ಒಂದು ನಿಮಿಷ ಕಳೆದ ಮೇಲೆ ಗುಟ್ಟು ಬಿಚ್ಚಿ ಹೆಸರು ಹೇಳುತ್ತಾರೆ. ಆಗ ಯಾರಾದರೂ ನೋಡಿ ನುಗ್ಗಲು ಹೋದರೆ ಅವರೂ ಮೊದಲಿನಿಂದ ಶುರು ಮಾಡಿ ನಿಮಿಷ ಕಾಯಬೇಕು. ಅಷ್ಟರಲ್ಲಿ ಹೆಸರು ನಿಮ್ಮದಾಗಿರುತ್ತದೆ. ಕಾವಲಿಗೆ ಒಬ್ಬ ಮನುಷ್ಯನೂ ಇಲ್ಲದ ಕಡೆ ಸರದಿಯನ್ನು ಕಾಪಾಡಿದ ಈ ಉಪಾಯ ನನಗೆ ಬಹಳ ಹಿಡಿಸಿತು.

ಬಾಡಿಗೆ ಎಷ್ಟು? ಐದು ಅಥವಾ ಹೆಚ್ಚು ಅಕ್ಷರವಿದ್ದರೆ ವರ್ಷಕ್ಕೆ 5 ಡಾಲರ್, ನಾಲ್ಕಿದ್ದರೆ 160, ಮೂರಿದ್ದರೆ 640. ಅದಕ್ಕಿಂತ ಚಿಕ್ಕ ಹೆಸರು ಕೊಡುವುದಿಲ್ಲ. ಕಟ್ಟುವುದು ಇಥೀರಿಯಂನ ಈಥರ್ ನಾಣ್ಯದಲ್ಲಿ, ಜೊತೆಗೆ ಆ ಹೊತ್ತಿನ ನೆಟ್‌ವರ್ಕ್ ಶುಲ್ಕ. ಶುರುವಿನಲ್ಲಿ ಹರಾಜು ಇತ್ತು. ವಾರ್ಷಿಕ ಬಾಡಿಗೆ 2019ರಲ್ಲಿ ಬಂತು. ನೇಮ್‌ಕಾಯಿನ್‌ಗೆ ಆದ ಗತಿ ಇದಕ್ಕೂ ಆಗದಿರಲಿ ಎಂದೇ ಬಾಡಿಗೆ. ಸುಮ್ನೆ ಹಿಡಿದಿಟ್ಟುಕೊಂಡರೆ ವರ್ಷ ವರ್ಷ ಕೈ ಕಚ್ಚುತ್ತದೆ. ಅವಧಿ ಮುಗಿದರೆ 90 ದಿನ ವಿನಾಯಿತಿ ಇರುತ್ತದೆ. ಆಮೇಲೆ ಹೆಸರು ಮತ್ತೆ ಮಾರುಕಟ್ಟೆಗೆ ಬರುತ್ತದೆ, ಆದರೆ ವಿಚಿತ್ರವಾದ ಹರಾಜಿನಲ್ಲಿ: ಬೆಲೆ ಹತ್ತು ಕೋಟಿ ಡಾಲರ್‌ನಿಂದ ಶುರುವಾಗಿ 21 ದಿನಗಳಲ್ಲಿ ಇಳಿಯುತ್ತಾ ಮಾಮೂಲಿ ಬಾಡಿಗೆಗೆ ಬರುತ್ತದೆ. ಹೆಸರು ಬಿಡುಗಡೆಯಾದ ಕ್ಷಣದಲ್ಲೇ ಯಾರ ಪ್ರೋಗ್ರಾಂ ವೇಗವಾಗಿದೆಯೋ ಅವರೇ ಗೆಲ್ಲುವುದನ್ನು ತಪ್ಪಿಸಲು ಹೀಗೆ.

ಕನ್ನಡದಲ್ಲಿ ಹೆಸರಿಟ್ಟರೆ?

ಇಡಬಹುದು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯನ್ನು ಇಎನ್‌ಎಸ್ ಒಪ್ಪುತ್ತದೆ. ಇಲ್ಲೇ ನಮಗೊಂದು ಲಾಭವೂ ಇದೆ, ಒಂದು ತಲೆನೋವೂ ಇದೆ.

ಲಾಭ ಬೆಲೆಯಲ್ಲಿ. 'ಮಂಡ್ಯ' ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್‌ಗೆ ಐದು: ಮ, ಸೊನ್ನೆ, ಡ, ಹಲಂತ, ಯ. ಇಎನ್‌ಎಸ್ ಎಣಿಸುವುದು ಹೀಗೆಯೇ. ಆದ್ದರಿಂದ 'ಮಂಡ್ಯ'ಕ್ಕೆ 5 ಡಾಲರ್ ದರ. 'ಮೈಸೂರು' ಆರು. 'ಬೆಲ್ಲ', 'ಕಬ್ಬು' ಎರಡೂ ಐದೈದು. ಒತ್ತಕ್ಷರ ಇರುವ ಎಷ್ಟೋ ಪದಗಳು ಹೀಗೆ ಪಾರಾಗುತ್ತವೆ. 'ಹಾಲು' ಪಾಪ ನಾಲ್ಕಕ್ಕೆ ನಿಲ್ಲುತ್ತದೆ, 160 ಡಾಲರ್. 'ಹಣ' ಬರೀ ಎರಡು, ದುಡ್ಡು ಕೊಟ್ಟರೂ ಸಿಗದು!

ತಲೆನೋವು ಇನ್ನೂ ಸ್ವಾರಸ್ಯವಾಗಿದೆ. 'ಕಾವೇರಿ' ಎಂದು ಬರೆಯುವಾಗ 'ವೇ'ಯ ಏತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಎಂದು ಎರಡು ಚಿಹ್ನೆಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಹ್ಯಾಶ್ ಗಿರಣಿಗೆ ಹಾಕಿದರೆ ಫಲಿತಾಂಶ ಅಜಗಜಾಂತರ. ಹಾಗೇ ಬಿಟ್ಟರೆ ಒಂದೇ 'ಕಾವೇರಿ'ಗೆ ಇಬ್ಬರು ಒಡೆಯರಾಗುತ್ತಾರೆ. ನೀರಿಗೆ ಆದದ್ದು ಸಾಲದೆಂದು ಹೆಸರಿಗೂ! ಅದಕ್ಕೇ ಹ್ಯಾಶ್ ಮಾಡುವ ಮುಂಚೆ ಹೆಸರನ್ನು ಒಂದೇ ಅಚ್ಚಿಗೆ ತರುವ ನಿಯಮಗಳಿವೆ. ಈಗ ಬಳಕೆಯಲ್ಲಿರುವ ನಿಯಮಾವಳಿ 2023ರದು. ಒಂದು ಹೆಸರಿನೊಳಗೆ ಎರಡು ಲಿಪಿ ಬೆರೆಸುವುದನ್ನು ಅದು ತಡೆಯುತ್ತದೆ. ಕನ್ನಡ, ತೆಲುಗಿನ ಹಲವು ಅಕ್ಷರಗಳು ಅವಳಿ ಮಕ್ಕಳಂತಿವೆ, ನಡುವೆ ಒಂದು ತೆಲುಗು ಅಕ್ಷರ ತೂರಿಸಿದರೆ ಯಾರಿಗೆ ಗೊತ್ತಾಗುತ್ತದೆ? ಕಣ್ಣಿಗೆ ಕಾಣದ ಅಕ್ಷರಕ್ಕೂ ಅಲ್ಲಿ ಜಾಗವಿಲ್ಲ. ನಾವು 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಕೆಳಗೆ ಕ ಒತ್ತಾಗದಿರಲಿ ಎಂದು ಮಧ್ಯೆ ಕಾಣದ ಚಿಹ್ನೆಯೊಂದನ್ನು ಹಾಕುತ್ತೇವೆ. ಕೀಬೋರ್ಡ್ ನಮಗೆ ಗೊತ್ತಾಗದಂತೆಯೇ ಅದನ್ನು ಹಾಕಿಬಿಡುತ್ತದೆ. ಇಎನ್‌ಎಸ್ ಅಂಥ ಹೆಸರನ್ನು ಒಪ್ಪುವುದಿಲ್ಲ. ಮೋಸ ತಡೆಯಲು ಮಾಡಿದ ನಿಯಮ ಅದು, ಸರಿಯೇ. ಆದರೆ ನಮ್ಮ ಎಷ್ಟೋ ಹೆಸರುಗಳ ಚಹರೆ ಅದರಿಂದ ಕೆಡುತ್ತದೆ.

ಇನ್ನೂ ಒಂದು ಎಚ್ಚರಿಕೆ. ಈ ಪರೀಕ್ಷೆಯನ್ನು ಮಾಡುವುದು ವಾಲೆಟ್ ಮತ್ತು ಆ್ಯಪ್‌ಗಳು, ಬ್ಲಾಕ್‌ಚೈನ್ ಅಲ್ಲ. ಅಲ್ಲಿನ ಕಾಂಟ್ರಾಕ್ಟ್ ಕಣ್ಣುಮುಚ್ಚಿ ಏನು ಕೊಟ್ಟರೂ ಬರೆದುಕೊಳ್ಳುತ್ತದೆ. ಯಾರಾದರೂ ನಿಮಗೆ ಅಂದದ ಕನ್ನಡ ಹೆಸರನ್ನು ಮಾರಲು ಬಂದರೆ, ನೀವೇ ಒಮ್ಮೆ ಇಎನ್‌ಎಸ್ ಆ್ಯಪ್‌ನಲ್ಲಿ ಕೈಯಾರೆ ಟೈಪ್ ಮಾಡಿ ನೋಡಿ.

ಯಾರೂ ಕಿತ್ತುಕೊಳ್ಳಲಾಗದು ಎಂದರೆ

ಈಗ ಆಲೆಮನೆಯವರ ಪ್ರಶ್ನೆ. ಇಎನ್‌ಎಸ್‌ನ ಆಡಳಿತ 2021ರ ನವೆಂಬರ್‌ನಿಂದ ಅದರ ಟೋಕನ್ (ಮತದ ಹಕ್ಕು ಕೊಡುವ ಡಿಜಿಟಲ್ ನಾಣ್ಯ) ಇರುವವರೆಲ್ಲ ಮತ ಹಾಕುವ ಡಾವೋ ಎಂಬ ಕೂಟದ ಕೈಯಲ್ಲಿದೆ. ಆ ಕೂಟ ಬಾಡಿಗೆ ದರ ಬದಲಿಸಬಹುದು. ಆದರೆ ಬಾಡಿಗೆ ಕಟ್ಟುತ್ತಿರುವವರ ಡಾಟ್ ಈಥ್ ಹೆಸರನ್ನು ಅದೂ ಕಿತ್ತುಕೊಳ್ಳಲಾರದು. ಕಾಂಟ್ರಾಕ್ಟನ್ನು ಹಾಗೆಯೇ ಬೀಗ ಹಾಕಿ ಇಟ್ಟಿದ್ದಾರೆ. ಇಷ್ಟರ ಮಟ್ಟಿಗೆ ಮಾರುವವರ ಮಾತು ಖರೆ.

ಆದರೆ ಅದೇ ಮಾತನ್ನು ಮಗುಚಿ ಹಾಕಿ. ಯಾರೂ ಕಿತ್ತುಕೊಳ್ಳಲಾರರು ಅಂದರೆ ಯಾರೂ ಕೊಡಿಸಲಾರರು ಅಂತಲೂ ಆಯಿತು, ಅಲ್ವಾ? ಮೈಸೂರು ಸಿಲ್ಕ್ ಎಂಬ ಹೆಸರನ್ನು ನ್ಯೂಜಿಲೆಂಡಿನಲ್ಲಿ ಕೂತ ಯಾರೋ ಡಾಟ್ ಈಥ್‌ನಲ್ಲಿ ಬರೆಸಿಕೊಂಡರೆ, ರೇಷ್ಮೆ ನೇಯುವವರು ಮಾಡುವುದೇನು? ಮಾಮೂಲಿ ಡೊಮೈನ್ ಆಗಿದ್ದರೆ ಐಕ್ಯಾನ್ 1999ರಲ್ಲಿ ತಂದ ವ್ಯಾಜ್ಯ ತೀರ್ಮಾನದ ನಿಯಮವಿದೆ. 'ಡಾಟ್ ಇನ್'ಗೆ ನಮ್ಮದೇ ಪ್ರತ್ಯೇಕ ನಿಯಮವಿದೆ. ಟ್ರೇಡ್‌ಮಾರ್ಕ್ ತೋರಿಸಿ, ವಾದಿಸಿ, ಹೆಸರು ವಾಪಸ್ ಪಡೆದವರು ಬೇಕಾದಷ್ಟಿದ್ದಾರೆ. ಇಲ್ಲಿ ಅಂಥ ಕಟ್ಟೆ ಇಲ್ಲ. ಕೋರ್ಟು ಮನುಷ್ಯರಿಗೆ ಆದೇಶ ಕೊಡಬಹುದು, ಹೆಸರು ಹಿಡಿದವರು ಯಾರೆಂದೇ ಗೊತ್ತಿಲ್ಲದಿದ್ದರೆ ಆದೇಶ ಯಾರಿಗೆ ಕೊಡುವುದು? ಮೊದಲು ಬಂದವರಿಗೆ ಹೆಸರು, ಅಷ್ಟೇ ನ್ಯಾಯ. ಅದಕ್ಕೇ ಅಲ್ಲಿ ದಂಧೆಯೂ ಜೋರು. 2021ರ ಅಕ್ಟೋಬರ್‌ನಲ್ಲಿ 'ಪ್ಯಾರಡೈಮ್ ಡಾಟ್ ಈಥ್' ಎಂಬ ಒಂದು ಹೆಸರು 420 ಈಥರ್‌ಗೆ ಮಾರಾಟವಾಯಿತು.

ಇನ್ನು ಬೀಗದ ಕೈ. ಹೆಸರಿನ ಒಡೆತನ ವಾಲೆಟ್‌ನ ಗುಟ್ಟಿನ ಕೀಲಿಗೆ ಅಂಟಿದೆ. ಅದನ್ನು 12 ಅಥವಾ 24 ಪದಗಳ ಪಟ್ಟಿಯಾಗಿ ಬರೆದುಕೊಳ್ಳಿ ಎನ್ನುತ್ತಾರೆ. ಆ ಚೀಟಿ ಕಳೆದರೆ ಹೆಸರೂ ಹೋಯಿತು. ಚೀಟಿ ಯಾರಿಗಾದರೂ ಸಿಕ್ಕರೆ ಅವರೇ ಒಡೆಯರು. ಒಡೆಯರು ಕಣ್ಮುಚ್ಚಿದರೆ ವಾರಸುದಾರರಿಗೆ ಚೀಟಿ ಸಿಗದ ಹೊರತು ಯಾವ ವಂಶವೃಕ್ಷವೂ ನಡೆಯುವುದಿಲ್ಲ. ಆಲೆಮನೆಯವರ ಹೆಸರನ್ನು ಆ ಹುಡುಗ ಬ್ಲಾಕ್‌ಚೈನ್ ಮೇಲೆ ತನ್ನ ವಾಲೆಟ್‌ನಲ್ಲಿ ನೋಂದಾಯಿಸಿದ್ದರೂ ಕತೆ ಬೇರೆಯಾಗುತ್ತಿರಲಿಲ್ಲ. ಇನ್ನೂ ಕೆಡುತ್ತಿತ್ತು. ಈಗಲಾದರೂ ಒಂದು ದೂರಿನ ಅರ್ಜಿ ಬರೆಯಬಹುದು.

ಇನ್ನೊಂದು ಸಂಗತಿಯನ್ನು ಈ ಹೆಸರುಗಳನ್ನು ಹೊಗಳುವವರು ಮೆಲ್ಲಗೆ ದಾಟಿಸಿಬಿಡುತ್ತಾರೆ. ಪುಸ್ತಕ ಎಲ್ಲರ ಮನೆಯಲ್ಲಿದೆ, ನಿಜ. ಆದರೆ ಅದನ್ನು ಓದಲು ನಾವು ಹೋಗುವ ಬಾಗಿಲುಗಳು ಕೆಲವೇ. ಕ್ರೋಮ್‌ನಲ್ಲಿ ಡಾಟ್ ಈಥ್ ಎಂದು ಟೈಪ್ ಮಾಡಿದರೆ ತಾನಾಗಿ ಏನೂ ತೆರೆಯುವುದಿಲ್ಲ, ಬ್ರೇವ್‌ನಂಥ ಕೆಲವು ಬ್ರೌಸರ್‌ಗಳು ಮಾತ್ರ ಗುರುತಿಸುತ್ತವೆ. ಉಳಿದವರು ಗೇಟ್‌ವೇ ಎಂಬ ಮಾಮೂಲಿ ವೆಬ್ ವಿಳಾಸದ ಮೂಲಕ ಸುತ್ತಿ ಹೋಗಬೇಕು. 'ಈಥ್ ಡಾಟ್ ಲಿಂಕ್' ಅಂಥ ಒಂದು ಗೇಟ್‌ವೇ. 2022ರಲ್ಲಿ ಅದರ ನವೀಕರಣದ ಅವಧಿ ಮುಗಿಯಿತು. ನವೀಕರಿಸುವ ಅಧಿಕಾರ ಇದ್ದ ವ್ಯಕ್ತಿ ಆಗ ಅಮೆರಿಕದ ಜೈಲಿನಲ್ಲಿದ್ದರು. ಹೆಸರು ಬೇರೆಯವರಿಗೆ ಮಾರಾಟವಾಗಿಹೋಯಿತು. ಇಎನ್‌ಎಸ್ ಹಿಂದಿನ ಕಂಪನಿ ಕೋರ್ಟಿಗೆ ಹೋಗಿ ತಡೆ ತಂದು ಅದನ್ನು ಉಳಿಸಿಕೊಂಡಿತು. ಯಾರ ಅಧೀನವೂ ಅಲ್ಲದ ಹೆಸರುಗಳ ಬಾಗಿಲು ನಮ್ಮ ಆಲೆಮನೆಯ ಡೊಮೈನ್ ಹೋದ ಹಾಗೇ ಹೋಗಿ, ಕೋರ್ಟಿನಿಂದ ವಾಪಸ್ ಬಂತು!

ಡಾಟ್ ಈಥ್ ಎಂದಾದರೂ ಮಾಮೂಲಿ ಇಂಟರ್ನೆಟ್‌ನ ಪಟ್ಟಿಗೆ ಸೇರುವುದೇ? ಕಷ್ಟ. ಇಂಗ್ಲಿಷಿನಲ್ಲಿ ಬರೆದರೆ ಆ ಮೂರು ಅಕ್ಷರ (eth) ಇಥಿಯೋಪಿಯಾ ದೇಶದ ಅಂತಾರಾಷ್ಟ್ರೀಯ ಸಂಕೇತ. ಅಂಥ ಮೂರಕ್ಷರದ ದೇಶ ಸಂಕೇತಗಳನ್ನು ಐಕ್ಯಾನ್ ಯಾರಿಗೂ ಕೊಡುವುದಿಲ್ಲ.

ಬೇರೆ ಸೇವೆಗಳೂ ಇವೆ. ಅನ್‌ಸ್ಟಾಪಬಲ್ ಡೊಮೈನ್ಸ್ ಒಂದೇ ಸಲ ದುಡ್ಡು ತೆಗೆದುಕೊಂಡು, ನವೀಕರಣವೇ ಇಲ್ಲದ ಹೆಸರು ಕೊಡುವುದಾಗಿ ಪ್ರಚಾರ ಮಾಡಿತು. ಹ್ಯಾಂಡ್‌ಶೇಕ್ 2020ರಲ್ಲಿ ಬಂತು, ಅದಕ್ಕೆ ಐಕ್ಯಾನ್‌ನ ಜಾಗದ ಮೇಲೇ ಕಣ್ಣು. ಇವರ ನಡುವೆ ಒಪ್ಪಂದವಿಲ್ಲದ ಕಾರಣ ಒಂದೇ ಬಾಲವನ್ನು, ಅಂದರೆ ಹೆಸರಿನ ಕೊನೆಯ ತುಣುಕನ್ನು, ಇಬ್ಬರು ಮಾರುವ ಅಪಾಯವಿದೆ. ಅನ್‌ಸ್ಟಾಪಬಲ್ 'ಡಾಟ್ ಕಾಯಿನ್' ಎಂದು ಮಾರುತ್ತಿತ್ತು. ಎಮರ್‌ಕಾಯಿನ್ ಎಂಬ ಹಳೆಯ ಸರಪಳಿಯಲ್ಲಿ ಅದೇ ಬಾಲ ಮೊದಲೇ ಇದೆ ಎಂದು ತಿಳಿದು 2022ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಒಂದೇ ಒಂದು ಮೇಲಿನ ಪಟ್ಟಿ ಇರುವುದರಿಂದ ಏನು ಉಪಯೋಗ ಎಂದು ಕೇಳುವವರಿಗೆ ಇದೇ ಉತ್ತರ.

ಖಾಸಗಿತನದ ಮಾತೂ ಹೇಳಬೇಕು. ಇಥೀರಿಯಂನಲ್ಲಿ ಪ್ರತಿ ವಿಳಾಸದ ಜಮಾ-ಖರ್ಚು ಎಲ್ಲರಿಗೂ ಕಾಣುತ್ತದೆ. 42 ಅಕ್ಷರದ ಸರ ಇರುವ ತನಕ ಅದು ಯಾರದೆಂದು ಗೊತ್ತಾಗುವುದಿಲ್ಲ. ಅದರ ಮೇಲೆ ನಿಮ್ಮ ಹೆಸರು ಅಂಟಿಸಿದ ಕ್ಷಣ, ಹಿಂದಿನ ಲೆಕ್ಕವೂ ಸೇರಿ ಎಲ್ಲ ಬಯಲು. ಕುವೆಂಪುನಗರದ ಗೆಳೆಯ ಅದಕ್ಕೇ ಎರಡು ವಾಲೆಟ್ ಇಟ್ಟಿದ್ದಾನೆ. ಹೆಸರಿರುವುದು ಸಂಬಳ ಬರುವುದಕ್ಕೆ, ಉಳಿತಾಯದ್ದು ಅನಾಮಧೇಯ.

ಹೆಸರನ್ನು ನೋಡಿ ನಂಬುವ ಮೊದಲು ಇನ್ನೊಂದು ಗಮನಿಸಿ. ವಿಳಾಸದಿಂದ ಹೆಸರಿಗೆ ಹೋಗುವ ಉಲ್ಟಾ ದಾಖಲೆಯನ್ನು ಯಾರು ಬೇಕಾದರೂ ತಮ್ಮ ವಿಳಾಸಕ್ಕೆ ಬರೆದುಕೊಳ್ಳಬಹುದು. ನಾನು ನನ್ನ ವಿಳಾಸಕ್ಕೆ ಇಥೀರಿಯಂ ಹುಟ್ಟುಹಾಕಿದ ವಿಟಾಲಿಕ್ ಅವರ 'ವಿಟಾಲಿಕ್ ಡಾಟ್ ಈಥ್' ಎಂದು ಬರೆದರೂ ತಡೆಯುವವರಿಲ್ಲ. ಒಳ್ಳೆಯ ವಾಲೆಟ್ ಅಲ್ಲಿಗೇ ನಿಲ್ಲುವುದಿಲ್ಲ, ಆ ಹೆಸರಿನಿಂದ ತಿರುಗಿ ನನ್ನ ವಿಳಾಸವೇ ಬರುತ್ತದೆಯೇ ಎಂದು ನೋಡುತ್ತದೆ. ಬರದಿದ್ದರೆ ಹೆಸರು ತೋರಿಸುವುದಿಲ್ಲ. ಎರಡೂ ಕಡೆಯಿಂದ ತಾಳೆಯಾದರೆ ಮಾತ್ರ ನಂಬಿಕೆ.

ಹಾಗಾದರೆ ಯಾರಿಗೆ ಇದು ಬೇಕು? ಕ್ರಿಪ್ಟೋದಲ್ಲಿ ಹಣ ಪಡೆಯುವವರಿಗೆ ನಿಜಕ್ಕೂ ಉಪಯೋಗ. ಗೆಳೆಯನಿಗೆ ಕಂಪನಿಯವರು ಮುಂಚೆ ವಿಳಾಸದ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಓದಿಸಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಈಗ ಹೆಸರು ಹೇಳಿದರೆ ಆಯಿತು. ವಾಲೆಟ್ ಬದಲಿಸಿದರೂ ಹೆಸರು ಅದೇ ಇರುತ್ತದೆ, ಒಳಗಿನ ವಿಳಾಸ ತಿದ್ದಿದರೆ ಸಾಕು. ಇನ್ನು ಹೆಸರು ಕೊಂಡು ಮಾರಿ ದುಡ್ಡು ಮಾಡುವ ಯೋಚನೆ ಇದ್ದವರು ತೆರಿಗೆಯನ್ನೂ ಯೋಚಿಸಿ. 2022ರಿಂದ ನಮ್ಮಲ್ಲಿ ಇಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇ 30 ತೆರಿಗೆ, ವಹಿವಾಟಿನ ಮೇಲೆ ಶೇ 1 ಟಿಡಿಎಸ್ ಇದೆ. ಎನ್‌ಎಫ್‌ಟಿಗಳೂ, ಅಂದರೆ ಬ್ಲಾಕ್‌ಚೈನ್ ಮೇಲೆ ಒಂದೊಂದೂ ಬೇರೆಯಾಗಿರುವ ಡಿಜಿಟಲ್ ಆಸ್ತಿಗಳೂ, ಆ ವ್ಯಾಖ್ಯೆಯೊಳಗೆ ಬರುತ್ತವೆ, ಡಾಟ್ ಈಥ್ ಹೆಸರು ಬ್ಲಾಕ್‌ಚೈನ್ ಮೇಲೆ ಇರುವುದೇ ಎನ್‌ಎಫ್‌ಟಿಯಾಗಿ. ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯಲು ಬಿಡುವುದಿಲ್ಲ.

ಆಲೆಮನೆಯವರಿಗೆ ನಾನು ಹೇಳಿದ್ದು ಇಷ್ಟು. ನಿಮ್ಮ ಗಿರಾಕಿಗಳು ಕ್ರೋಮ್‌ನಲ್ಲಿ ಹುಡುಕುವವರು, ಯುಪಿಐನಲ್ಲಿ ದುಡ್ಡು ಕಳಿಸುವವರು. ನಿಮಗೆ 'ಡಾಟ್ ಇನ್' ಸಾಕು. ನಿಮ್ಮದೇ ಈಮೇಲ್, ನಿಮ್ಮದೇ ಫೋನ್ ನಂಬರ್ ಕೊಟ್ಟು ಕೊಳ್ಳಿ, ಒಟ್ಟಿಗೇ ಐದು ವರ್ಷಕ್ಕೆ ಕಟ್ಟಿ. ಅವರ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೆ ಮಾತ್ರ ಡಾಟ್ ಈಥ್ ಹೆಸರೊಂದು ಬೇಕೇ ಬೇಕಂತೆ. ತೆಗೆದುಕೊಳ್ಳಲಿ. ಹಾಸ್ಟೆಲ್‌ನಲ್ಲಿದ್ದುಕೊಂಡು ಬಾಡಿಗೆ ಕಟ್ಟಲು ಮರೆತರೆ ಅಂತ ಅಪ್ಪನಿಗೆ ಚಿಂತೆ. ಇಎನ್‌ಎಸ್‌ನಲ್ಲಿ ಅದಕ್ಕೊಂದು ಅನುಕೂಲ ಇದೆ: ಯಾರ ಹೆಸರಿನ ಬಾಡಿಗೆಯನ್ನು ಯಾರು ಬೇಕಾದರೂ ಕಟ್ಟಬಹುದು. ಕಟ್ಟಿದವರಿಗೆ ಹೆಸರಿನ ಮೇಲೆ ಯಾವ ಹಕ್ಕೂ ಬರುವುದಿಲ್ಲ, ಅವಧಿ ಮಾತ್ರ ಮುಂದಕ್ಕೆ ಹೋಗುತ್ತದೆ. ಅಪ್ಪ ಮದ್ದೂರಿನಲ್ಲೇ ಕೂತು ಕಟ್ಟಿಬಿಡಬಹುದು.